ಹರಿಗೋಲಿನ ಹೊದಿಕೆ, ಫೈಬರ್ ದೋಣಿಯ ಡೆಕ್

ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ಮಾಗಡಿ ತಾಲ್ಲೂಕಿನ ಮಂಚನಬೆಲೆ ಜಲಾಶಯವನ್ನು ತುಂಬಿ, ರಾಮನಗರ ಪಟ್ಟಣವನ್ನು ಹಾದು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಕೆದಾಟು ನೋಡಲು ಹೊರಟವರು ಸಂಗಮದಲ್ಲಿ ಅರ್ಕಾವತಿಯನ್ನು ದಾಟಬೇಕು. ನೀರು ಕಡಿಮೆಯಿದ್ದಾಗ ಬಟ್ಟೆ ಮೇಲೆತ್ತಿಕೊಂಡು ನಡೆದೇ ದಾಟುವುದು, ನೀರು ಏರಿದಾಗ ಹರಿಗೋಲು ಹತ್ತುವುದು ಇಲ್ಲಿನ ಹಳೆಯ ರೂಢಿ. ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗಿಬಂದವರಿಗೆ ಹರಿಗೋಲು ಗಿರಗಿರನೆ ತಿರುಗಿದ್ದು ನೆನಪಿರುತ್ತದೆ. ದಡದಲ್ಲಿ ಬೋರಲು ಹಾಕಿದ ಹರಿಗೋಲಿನ ಬೆನ್ನ ಮೇಲಿನ ಡಾಂಬರಿನ ತೇಪೆಗಳನ್ನು ಗಮನಿಸಿದವರು ಮಾತ್ರ ಕಡಿಮೆ.

ದೋಣಿಗಳ ಚರಿತ್ರೆಯೆಂದರೆ ಸಾಮಾನ್ಯವಾಗಿ ಅವನ್ನು ಕಟ್ಟಿದವರ ಚರಿತ್ರೆ. ಯಾರು ಮೊದಲು ಕಟ್ಟಿದರು, ಎಷ್ಟು ಉದ್ದ, ಎಷ್ಟು ಭಾರ ಹೊರುತ್ತಿತ್ತು ಎಂಬ ವಿವರಗಳು ಸಿಗುತ್ತವೆ. ದೋಣಿ ಕೆಟ್ಟಾಗ ಅದನ್ನು ಬಿಚ್ಚಿ ಸರಿಮಾಡುತ್ತಿದ್ದುದು ಹೇಗೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ನದಿಯನ್ನೇ ನಂಬಿದವನಿಗೆ ಮೊದಲ ಪ್ರಶ್ನೆಗಿಂತ ಎರಡನೆಯದೇ ಮುಖ್ಯ. ದೋಣಿ ಕಟ್ಟುವುದು ಒಮ್ಮೆ, ರಿಪೇರಿ ವರ್ಷ ವರ್ಷವೂ. ಹರಿಗೋಲಿನ ಹೊದಿಕೆಯನ್ನು ತೆಗೆದು ಹೊಸದನ್ನು ಹಾಕಲು ದಡದ ಮರದ ನೆರಳು ಸಾಕು. ಫೈಬರ್ ದೋಣಿಯ ಡೆಕ್, ಅಂದರೆ ಅದರ ಮೇಲಿನ ಮುಚ್ಚಳ, ತೆಗೆಯುವುದು ಶಸ್ತ್ರಚಿಕಿತ್ಸೆಯಂಥ ಕೆಲಸ. ಈ ಅಂತರ ಯಾಕೆ ಬಂತು ಎಂಬುದನ್ನು ನೋಡೋಣ.

ಚರ್ಮ ಹೊತ್ತು ನಡೆದ ಕತ್ತೆ

ದುಂಡು ದೋಣಿಯ ಬಗ್ಗೆ ನಮಗೆ ಸಿಗುವ ಹಳೆಯ ವಿವರಣೆಗಳಲ್ಲಿ ಒಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನದು. ಕ್ರಿ.ಪೂ. 5ನೆಯ ಶತಮಾನದಲ್ಲಿ ಬರೆದ ಈತನಿಗೆ ಬ್ಯಾಬಿಲೋನ್ ನಗರದ ಬಳಿಕ ಅಲ್ಲಿ ಅತ್ಯಂತ ಸೋಜಿಗವೆನಿಸಿದ್ದು ಅದರ ದೋಣಿಗಳಂತೆ. ಆರ್ಮೇನಿಯದ ಬೆಟ್ಟಸೀಮೆಯಲ್ಲಿ ವಿಲೊ ಮರದ ಕಡ್ಡಿಗಳಿಂದ ಚೌಕಟ್ಟು ಮಾಡಿ, ಹೊರಗೆ ಚರ್ಮ ಬಿಗಿದು, ಒಳಗೆ ಹುಲ್ಲು ಹಾಸಿ, ಸರಕು ತುಂಬಿ ನದಿಗೆ ಬಿಡುತ್ತಿದ್ದರು. ಪ್ರತಿ ದೋಣಿಯಲ್ಲೂ ಒಂದು ಜೀವಂತ ಕತ್ತೆ ಇರುತ್ತಿತ್ತು. ಬ್ಯಾಬಿಲೋನ್ ತಲುಪಿ ಸರಕು ಮಾರಿದ ಮೇಲೆ ಚೌಕಟ್ಟನ್ನೂ ಹುಲ್ಲನ್ನೂ ಅಲ್ಲೇ ಮಾರಿಬಿಡುತ್ತಿದ್ದರು. ಚರ್ಮವನ್ನು ಮಾತ್ರ ಬಿಚ್ಚಿ ಕತ್ತೆಯ ಮೇಲೆ ಹೇರಿಕೊಂಡು ಕಾಲ್ನಡಿಗೆಯಲ್ಲಿ ಊರಿಗೆ ಮರಳುತ್ತಿದ್ದರು, ಏಕೆಂದರೆ ಆ ಸೆಳವಿಗೆ ಎದುರಾಗಿ ದೋಣಿ ನಡೆಸುವುದು ಸಾಧ್ಯವಿರಲಿಲ್ಲ.

ಕತೆ ಸ್ವಾರಸ್ಯವಾಗಿದೆ, ಆದರೆ ಅದರ ಎಂಜಿನಿಯರಿಂಗ್ ಅದಕ್ಕಿಂತ ಸ್ವಾರಸ್ಯವಾದದ್ದು. ಆ ದೋಣಿಯಲ್ಲಿ ಎರಡು ಭಾಗಗಳಿದ್ದವು: ಆಕಾರ ಕೊಡುವ ಎಲುಬು, ನೀರು ತಡೆಯುವ ತೊಗಲು. ಎರಡೂ ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವೇ ಹೊರತು ಅಂಟಿಕೊಂಡಿರಲಿಲ್ಲ. ಆದ್ದರಿಂದ ಬಿಚ್ಚಬಹುದಿತ್ತು.

ನಮ್ಮ ನಾಡಿನ ದಾಖಲೆಗೆ ಬರೋಣ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನ ತುಂಗಭದ್ರೆಯನ್ನು ದಾಟುತ್ತಿದ್ದ ಬುಟ್ಟಿಯಂಥ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು, ಅಗತ್ಯ ಬಿದ್ದರೆ ಕುದುರೆ, ಎತ್ತುಗಳೂ ಅದರಲ್ಲೇ ದಾಟುತ್ತಿದ್ದವು. ಮುಂದೆ 1803ರ ಆಗಸ್ಟ್‌ನಲ್ಲಿ ಮರಾಠರ ಮೇಲೆ ಹೊರಟ ಆರ್ಥರ್ ವೆಲ್ಸ್ಲಿಯ ಸೈನ್ಯ ತುಂಬಿದ ಗೋದಾವರಿಯನ್ನು ದಾಟಿದ್ದು ಸೈನಿಕರೇ ಹೆಣೆದು ಎತ್ತಿನ ಚರ್ಮ ಹೊದಿಸಿದ ಬುಟ್ಟಿ ದೋಣಿಗಳಲ್ಲಿ. ವೆಲ್ಸ್ಲಿ ಅದಕ್ಕೆ ಮುನ್ನ, 1799ರಿಂದ, ಶ್ರೀರಂಗಪಟ್ಟಣದಲ್ಲಿ ಅಧಿಕಾರಿಯಾಗಿದ್ದವನು. ಕಾವೇರಿಯ ಹರಿಗೋಲುಗಳನ್ನು ಆತ ಕಂಡೇ ಇರಬೇಕು. ಯುದ್ಧಕ್ಕೆ ಇಂಥ ದೋಣಿ ಒಪ್ಪುವುದು ಸಹಜ: ಚರ್ಮವನ್ನು ಸುತ್ತಿ ಹೊತ್ತೊಯ್ಯಬಹುದು, ಚೌಕಟ್ಟಿಗೆ ಬೇಕಾದ ಬಿದಿರು ಕಾಡಿನಲ್ಲಿ ಸಿಗುತ್ತದೆ. ಬ್ಯಾಬಿಲೋನಿನ ವರ್ತಕನ ಲೆಕ್ಕಾಚಾರವೂ ಇದೇ ಆಗಿತ್ತು.

ಮದರಾಸು ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ಎಂಬ ವಿಜ್ಞಾನಿ ದಕ್ಷಿಣ ಭಾರತದ ಹರಿಗೋಲುಗಳನ್ನು ವಿವರವಾಗಿ ಅಧ್ಯಯನ ಮಾಡಿದ. 1946ರಲ್ಲಿ ಪ್ರಕಟವಾದ ಜಲಸಾರಿಗೆಯ ಕುರಿತ ತನ್ನ ದೊಡ್ಡ ಗ್ರಂಥದಲ್ಲಿ ಅವನ್ನು ಇರಾಕಿನ ಮತ್ತು ಬ್ರಿಟಿಷ್ ದ್ವೀಪಗಳ ದುಂಡು ದೋಣಿಗಳ ಜೊತೆಗಿಟ್ಟು ನೋಡಿದ. ಇರಾಕಿನಲ್ಲಿ ಚರ್ಮದ ಬದಲು ಬುಟ್ಟಿಗೆ ನೆಲದಲ್ಲೇ ಸಿಗುವ ಡಾಂಬರಿನಂಥ ಬಿಟುಮೆನ್ ಬಳಿಯುತ್ತಿದ್ದರು. ವೇಲ್ಸ್‌ನಲ್ಲಿ ಚರ್ಮ ಹೋಗಿ ಟಾರು ಬಳಿದ ಬಟ್ಟೆ ಬಂತು, ಈಚೆಗೆ ಫೈಬರ್‌ಗ್ಲಾಸ್ ಕೂಡ ಬಂತು. ನಮ್ಮಲ್ಲೂ ನಡೆದದ್ದು ಹೆಚ್ಚುಕಡಿಮೆ ಅದೇ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು.

ಸೀಳಿದ ಬಿದಿರಿನ ದಬ್ಬೆಗಳನ್ನು ಅಡ್ಡಡ್ಡಲಾಗಿಯೂ ಓರೆಯಾಗಿಯೂ ಹೆಣೆದು, ಅಂಚಿಗೆ ದಪ್ಪನೆಯ ಬಳೆ ಕಟ್ಟಿದರೆ ಹರಿಗೋಲಿನ ಎಲುಬು ಸಿದ್ಧ. ಇದರ ಲೆಕ್ಕ ಒಂದನ್ನು ತರಗತಿಯಲ್ಲಿ ಮಾಡಿಸಬಹುದು. ತಳದ ವ್ಯಾಸ 2 ಮೀ. ಎಂದುಕೊಂಡರೆ ವಿಸ್ತೀರ್ಣ 3.14 ಚದರ ಮೀ. ಹರಿಗೋಲು ನೀರಿನಲ್ಲಿ ಒಂದು ಸೆಂಮೀ. ಇಳಿಯಬೇಕಾದರೆ ಅದು ಸ್ಥಾನಪಲ್ಲಟಗೊಳಿಸುವ ನೀರು 0.0314 ಘನ ಮೀ., ಅಂದರೆ ಸುಮಾರು 31 ಕಿಗ್ರಾಂ. 62 ಕಿಗ್ರಾಂ ತೂಕದ ಒಬ್ಬರು ಹತ್ತಿದರೆ ಎರಡು ಸೆಂಮೀ., ಎಂಟು ಮಂದಿ ಹತ್ತಿದರೂ ಹದಿನಾರು ಸೆಂಮೀ. ಮಾತ್ರ ಇಳಿಯುತ್ತದೆ. ಕಲ್ಲುಬಂಡೆಗಳ ನಡುವಿನ ತೆಳು ನೀರಿನಲ್ಲಿ ತೇಲಲು ಇದಕ್ಕಿಂತ ತಕ್ಕ ಆಕಾರ ಸಿಗುವುದು ಕಷ್ಟ.

ಬಂಡೆಗೆ ತಾಗಿದಾಗ ಏನಾಗುತ್ತದೆ? ಬಿದಿರು ಬಾಗಿ ಮತ್ತೆ ಮೊದಲಿನಂತಾಗುತ್ತದೆ, ಹೊದಿಕೆ ಹರಿಯುತ್ತದೆ. ಅಂಬಿಗ ಹರಿಗೋಲನ್ನು ದಡಕ್ಕೆಳೆದು, ಬೋರಲು ಹಾಕಿ, ಒಣಗಿಸಿ, ಹರಿದಲ್ಲಿ ಬಟ್ಟೆಯ ತುಂಡಿಟ್ಟು ಕಾಯಿಸಿದ ಡಾಂಬರು ಬಳಿಯುತ್ತಾನೆ. ತೇಪೆಗಳು ಹೆಚ್ಚಾಗಿ ಭಾರವಾದಾಗ ಹಳೆಯ ಹೊದಿಕೆಯನ್ನು ಕಿತ್ತು ಹೊಸದನ್ನು ಹೊದಿಸುತ್ತಾನೆ. ಹಾಗೆ ಕಿತ್ತಾಗ ಒಳಗಿನ ಒಂದೊಂದು ದಬ್ಬೆಯೂ ಕಣ್ಣಿಗೆ ಕಾಣುತ್ತದೆ, ಮುರಿದದ್ದನ್ನಷ್ಟೇ ಬದಲಿಸಬಹುದು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಗಾಜೂ ತಂತಿಯೂ ಒಂದೇ ಊರಿನಲ್ಲಿ

ಟಿಪ್ಪುವಿನ ಪತನದ ನಂತರ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಎರಡು ಕಸುಬುಗಳನ್ನು ಗುರುತು ಹಾಕಿಕೊಂಡಿದ್ದಾನೆ. ಒಂದು ಗಾಜಿನ ಕೆಲಸ, ಇನ್ನೊಂದು ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವುದು. ಉಕ್ಕನ್ನು ತಂತಿಯಾಗಿ ಎಳೆಯುವವರು ಒಂದು ಕೇರಿಯಲ್ಲಿ, ಗಾಜು ಕರಗಿಸುವವರು ಇನ್ನೊಂದರಲ್ಲಿ! ಗಾಜನ್ನೇ ತಂತಿಯಂತೆ ಎಳೆದರೆ ಏನಾಗುತ್ತದೆ ಎಂಬುದು ತಿಳಿಯಲು ಇನ್ನೂ 120 ವರ್ಷ ಬೇಕಾಯಿತು.

ಅದನ್ನು ತೋರಿಸಿದವನು ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದ ಎ.ಎ. ಗ್ರಿಫಿತ್. 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಆತ ಬೇರೆ ಬೇರೆ ದಪ್ಪದ ಗಾಜಿನ ಎಳೆಗಳನ್ನು ಎಳೆದು ಮುರಿದು ಅಳೆದ ಅಂಕಿಗಳನ್ನು ಕೊಟ್ಟ. ಸುಮಾರು ಒಂದು ಮಿಮೀ. ದಪ್ಪದ ಗಾಜಿನ ಕಡ್ಡಿಗಿಂತ ಮೂರು ಮೈಕ್ರಾನ್ ದಪ್ಪದ ಎಳೆ, ಅಷ್ಟೇ ವಿಸ್ತೀರ್ಣದ ಲೆಕ್ಕದಲ್ಲಿ, ಸುಮಾರು 20 ಪಟ್ಟು ಹೆಚ್ಚು ಬಲವಾಗಿತ್ತು. ಕಾರಣವನ್ನೂ ಆತ ಹೇಳಿದ. ಗಾಜು ಮುರಿಯುವುದು ಅದರಲ್ಲಿ ಅಡಗಿರುವ ಸೂಕ್ಷ್ಮ ಬಿರುಕುಗಳಿಂದ. ತೆಳುವಾದ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇಲ್ಲ. ಬಳೆ ಒಡೆಯುತ್ತದೆ ಎಂದು ನಾವು ದೂರುವುದು ಗಾಜನ್ನಲ್ಲ, ಅದರ ಮೈಮೇಲಿನ ಗೀರುಗಳನ್ನು.

ಎಳೆಗೆ ಬಲವಿದ್ದರೆ ಸಾಲದು, ಎಳೆಗಳನ್ನು ಹಿಡಿದಿಡುವ ಅಂಟೂ ಬೇಕು. ಇದಕ್ಕೆ ನಿದರ್ಶನ ನೋಡಲು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗಿಂತ ಒಳ್ಳೆಯ ಜಾಗವಿಲ್ಲ. ರೇಷ್ಮೆಗೂಡು ಪ್ರಕೃತಿಯೇ ಮಾಡಿದ ಸಂಯುಕ್ತ ವಸ್ತು. ಫೈಬ್ರಾಯಿನ್ ಎಂಬ ಪ್ರೋಟೀನಿನ ಜೋಡಿ ಎಳೆಗಳನ್ನು ಸೆರಿಸಿನ್ ಎಂಬ ಇನ್ನೊಂದು ಪ್ರೋಟೀನು ಅಂಟಿಸಿ ಗಟ್ಟಿ ಚಿಪ್ಪು ಮಾಡಿರುತ್ತದೆ. ಎಳೆಯ ದಪ್ಪ ಸುಮಾರು ಹತ್ತು ಮೈಕ್ರಾನ್. ದೋಣಿಗೆ ಬಳಸುವ ಗಾಜಿನ ಎಳೆಯೂ ಹೆಚ್ಚುಕಡಿಮೆ ಅದೇ ದಪ್ಪದ್ದು. ಆದರೆ ನೂಲು ಬಿಚ್ಚಾಣಿಕೆಯವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಸೆರಿಸಿನ್ ಮೆತ್ತಗಾಗುತ್ತದೆ, ನೂರಾರು ಮೀಟರ್ ಉದ್ದದ ಎಳೆ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ. ಬಿಸಿನೀರಿಗೆ ಬಗ್ಗುವ ಅಂಟು ಇದ್ದದ್ದರಿಂದಲೇ ಈ ಉದ್ಯಮ ಇದೆ.

ಫೈಬರ್‌ಗ್ಲಾಸಿನ ಅಂಟು ಹಾಗಲ್ಲ. ಅಮೆರಿಕದ ಓವೆನ್ಸ್-ಇಲಿನಾಯ್ಸ್ ಗಾಜಿನ ಕಂಪನಿಯಲ್ಲಿ 1930ರ ದಶಕದ ಆರಂಭದಲ್ಲಿ ಡೇಲ್ ಕ್ಲೈಸ್ಟ್ ಎಂಬ ತರುಣ ಕರಗಿದ ಗಾಜನ್ನು ಗಾಳಿಯ ರಭಸದಿಂದ ಚಿಮ್ಮಿಸುತ್ತಿದ್ದಾಗ ಅದು ನವಿರಾದ ನಾರಾಗಿ ಬಂತು. ಗೇಮ್ಸ್ ಸ್ಲೇಟರ್ ಅದನ್ನು ಉದ್ಯಮವಾಗಿ ಬೆಳೆಸಿದ. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಫೈಬರ್‌ಗ್ಲಾಸ್ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಪಾಲಿಯೆಸ್ಟರ್ ರಾಳ ಸಿದ್ಧವಾಯಿತು. ಈ ರಾಳ ಜೇನಿನಂತಿರುವ ದ್ರವ. ಅದರ ಉದ್ದ ಸರಪಳಿಗಳಲ್ಲಿ ಅಲ್ಲಲ್ಲಿ ದ್ವಿಬಂಧಗಳಿರುತ್ತವೆ. ಜೊತೆಗೆ ಸ್ಟೈರೀನ್ ಇರುತ್ತದೆ. ನೂರಕ್ಕೆ ಒಂದೆರಡು ಭಾಗ ಪೆರಾಕ್ಸೈಡ್ ಬೆರೆಸಿದರೆ ಸ್ಟೈರೀನ್ ಅಣುಗಳು ಸರಪಳಿಗಳ ನಡುವೆ ಅಡ್ಡ ಸೇತುವೆಗಳಾಗಿ ನಿಂತು, ಬಿಸಿ ಹೊಮ್ಮಿಸುತ್ತ, ಇಡೀ ರಾಶಿಯನ್ನು ಒಂದೇ ಬಲೆಯಾಗಿ ಹೆಣೆದುಬಿಡುತ್ತವೆ. ಆಮೇಲೆ ಅದು ಕರಗದು. ಕಾಯಿಸಿದರೆ ಸುಡುತ್ತದೆ, ಅಷ್ಟೆ.

ಎರಡನೆಯ ಮಹಾಯುದ್ಧದಲ್ಲಿ ವಿಮಾನದ ರಾಡಾರ್‌ಗೆ ಮುಚ್ಚಳ ಮಾಡಲು ಈ ಗಾಜು-ರಾಳದ ಜೋಡಿ ಬಳಕೆಗೆ ಬಂತು, ಏಕೆಂದರೆ ಲೋಹದಂತೆ ಅದು ರೇಡಿಯೊ ತರಂಗಗಳನ್ನು ತಡೆಯುವುದಿಲ್ಲ. 1942ರಲ್ಲಿ ಅಮೆರಿಕದ ರೇ ಗ್ರೀನ್ ಅದರಿಂದ ಹಾಯಿದೋಣಿಯೊಂದನ್ನು ಮಾಡಿದ. ಯುದ್ಧ ಮುಗಿದ ಮೇಲೆ ಅಲ್ಲಿನ ನೌಕಾಪಡೆಯೂ ಕರಾವಳಿ ಪಡೆಯೂ ಇಂಥ ದೋಣಿಗಳನ್ನು ಕಟ್ಟಿಸಿದವು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಪುಟ್ಟ ವಿಮಾನ ‘ಹಂಸ’ 1993ರಲ್ಲಿ ಮೊದಲ ಸಲ ಹಾರಿದಾಗ ಅದರ ಮೈಯೂ ಇದೇ ಕುಲದ ಸಂಯುಕ್ತ ವಸ್ತುವಿನದು.

ಎರಡು ಚಿಪ್ಪುಗಳ ದೋಣಿ

ಡೆಕ್ ಇರುವ ಫೈಬರ್ ದೋಣಿಗಳನ್ನು ಸಾಲಾಗಿ ನೋಡಬೇಕಾದರೆ ಮಲ್ಪೆಗೋ ಮಂಗಳೂರಿಗೋ ಹೋಗಬೇಕು. ಆದರೆ ಅದರ ಚಿಕ್ಕ ತಂಗಿಯನ್ನು ನೀವು ಖಂಡಿತ ಕಂಡಿದ್ದೀರಿ. ಕೆರೆ, ಉದ್ಯಾನಗಳಲ್ಲಿ ಮಕ್ಕಳು ತುಳಿಯುವ ಪೆಡಲ್ ದೋಣಿಯೇ ಅದು. ಅದರ ಸೊಂಟದ ಸುತ್ತ ಒಂದು ಪಟ್ಟಿ ಓಡಿರುತ್ತದೆ. ಆ ಪಟ್ಟಿಯ ಕೆಳಗಿನದು ಒಂದು ಚಿಪ್ಪು, ಮೇಲಿನದು ಇನ್ನೊಂದು.

ಯಾಕೆ ಎರಡು? ಫೈಬರ್ ದೋಣಿಯನ್ನು ಅಚ್ಚಿನಲ್ಲಿ ಮಾಡುತ್ತಾರೆ. ನುಣುಪಾದ ಅಚ್ಚಿಗೆ ಮೇಣ ಹಚ್ಚಿ, ಬಣ್ಣದ ಜೆಲ್‌ಕೋಟ್ ಬಳಿದು, ಅದರ ಮೇಲೆ ಗಾಜಿನ ನಾರಿನ ಚಾಪೆಗಳನ್ನು ಒಂದರ ಮೇಲೊಂದು ಹಾಸಿ, ಬ್ರಷ್ಷು ರೋಲರ್‌ಗಳಿಂದ ರಾಳ ಕುಡಿಸುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಎಬ್ಬಿಸಬೇಕು. ಬಾಯಿ ತೆರೆದ ಪಾತ್ರೆಯಾದರೆ ಇಡ್ಲಿಯಂತೆ ಎದ್ದು ಬರುತ್ತದೆ. ಬಾಯಿ ಮುಚ್ಚಿದ್ದರೆ ಎಬ್ಬಿಸುವುದೆಲ್ಲಿ? ಹಾಗಾಗಿ ಒಡಲು ಒಂದು ಅಚ್ಚಿನಲ್ಲಿ, ಡೆಕ್ ಇನ್ನೊಂದು ಅಚ್ಚಿನಲ್ಲಿ. ಆಮೇಲೆ ಎರಡರ ಅಂಚುಗಳನ್ನೂ ಜೋಡಿಸಿ, ನಡುವೆ ರಾಳದ ಲಪ್ಪವೋ ಸೀಲಂಟೋ ಹಾಕಿ, ರಿವೆಟ್ ಅಥವಾ ಬೋಲ್ಟು ಬಿಗಿದು, ಮೇಲೆ ರಬ್ಬರ್ ಪಟ್ಟಿ ಹೊಡೆಯುತ್ತಾರೆ.

ಡೆಕ್ ಬರೀ ನಿಲ್ಲುವ ಹಲಗೆಯಲ್ಲ. ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದುಕೊಂಡು, ಮುಚ್ಚಳವಿಲ್ಲದೆ ಎರಡು ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಸಲೀಸಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳ ಹಾಕಿ ಸುತ್ತಲೂ ಟೇಪು ಅಂಟಿಸಿ ಮತ್ತೆ ತಿರುಚಿ, ಮಿಸುಕುವುದಿಲ್ಲ. ರಟ್ಟಿನ ಬಲ ಹೆಚ್ಚಲಿಲ್ಲ, ತೆರೆದ ಆಕಾರ ಮುಚ್ಚಿದ ಆಕಾರವಾಯಿತು. ಅಲೆ ದೋಣಿಯನ್ನು ತಿರುಚುವಾಗ ತಡೆಯುವುದು ಈ ಮುಚ್ಚಿದ ಆಕಾರವೇ. ಅಂದರೆ ಡೆಕ್ ತೆಗೆದ ಕ್ಷಣ ದೋಣಿ ದೋಣಿಯಾಗಿ ಉಳಿಯುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಡೆಕ್ ಯಾಕೆ ತೆಗೆಯಬೇಕು? ಇಲ್ಲಿದೆ ಫೈಬರ್ ದೋಣಿಯ ವಿಪರ್ಯಾಸ. ಅಮೆರಿಕದ ಕರಾವಳಿ ಪಡೆ 1950ರ ದಶಕದ ಆರಂಭದಲ್ಲಿ ಕಟ್ಟಿಸಿದ 40 ಅಡಿ ಉದ್ದದ ಫೈಬರ್ ದೋಣಿಯೊಂದರಿಂದ ಹತ್ತು ಹಾಗೂ ಇಪ್ಪತ್ತು ವರ್ಷಗಳ ಬಳಿಕ ತುಂಡುಗಳನ್ನು ಕತ್ತರಿಸಿ ಪರೀಕ್ಷಿಸಿದಾಗ ಅವುಗಳ ಬಲ ಹೇಳಿಕೊಳ್ಳುವಷ್ಟು ಕುಂದಿರಲಿಲ್ಲ. ಚಿಪ್ಪಿಗೆ ಆಯುಸ್ಸು ಹೆಚ್ಚು. ಆದರೆ ಚಿಪ್ಪು ತೆಳು, ಬಾಗುತ್ತದೆ. ಬಿಗಿ ಬರಲೆಂದು ಅದರ ಒಳಗೆ ಪ್ಲೈವುಡ್ಡನ್ನೋ ಹಗುರ ಮರವನ್ನೋ ಇಟ್ಟು ಎರಡೂ ಕಡೆ ಫೈಬರ್ ಹೊದಿಸುತ್ತಾರೆ. ತಳದ ಉದ್ದದ ತೊಲೆಗಳು, ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆ ಸಾಮಾನ್ಯವಾಗಿ ಇಂಥವೇ. ತೇಲಲೆಂದು ಖಾಲಿ ಜಾಗಕ್ಕೆ ನೊರೆಪ್ಲಾಸ್ಟಿಕ್ ತುಂಬುತ್ತಾರೆ.

ಡೆಕ್ಕಿಗೆ ಕೊಕ್ಕೆ, ಕಂಬಿ, ಕುರ್ಚಿ ಕೂರಿಸಲು ಕೊರೆದ ಒಂದೊಂದು ತೂತೂ ನೀರಿಗೆ ಬಾಗಿಲು. ಮರ ನೀರಿನಿಂದಷ್ಟೇ ಕೊಳೆಯುವುದಿಲ್ಲ. ಶಿಲೀಂಧ್ರಕ್ಕೆ ತೇವ, ಗಾಳಿ, ಬೆಚ್ಚನೆಯ ಜಾಗ ಮೂರೂ ಬೇಕು. ಕೆರೆಯಲ್ಲಿ ಪೂರಾ ಮುಳುಗಿದ ಮರದ ಕಂಬ ನೂರಾರು ವರ್ಷ ಉಳಿಯುವುದೂ, ಬಾಗಿಲ ಹೊಸ್ತಿಲು ಬೇಗ ಲಡ್ಡಾಗುವುದೂ ಇದಕ್ಕೇ. ಫೈಬರ್ ಪದರಗಳ ನಡುವೆ ಸಿಕ್ಕಿಕೊಂಡ ಮರಕ್ಕೆ ಈ ಮೂರೂ ಒದಗುತ್ತವೆ, ಒಣಗುವ ದಾರಿ ಮಾತ್ರ ಇರುವುದಿಲ್ಲ. ನೊರೆಪ್ಲಾಸ್ಟಿಕ್‌ನ ಪಾಡೂ ಅಷ್ಟೆ. 0.2 ಘನ ಮೀ. ನೊರೆ ಒಣಗಿದ್ದಾಗ ಏಳೆಂಟು ಕಿಗ್ರಾಂ ತೂಗಬಹುದು. ಅದರ ಅರ್ಧ ಜಾಗಕ್ಕೆ ನೀರು ಸೇರಿದರೆ ದೋಣಿ ನೂರು ಕಿಗ್ರಾಂ ಹೊಸ ಭಾರವನ್ನು ಹೊರಬೇಕು. ಹೊರಗಿನಿಂದ ನೋಡುವವರಿಗೆ ದೋಣಿ ಥಳಥಳಿಸುತ್ತಲೇ ಇರುತ್ತದೆ. ಹರಿಗೋಲಿನ ತೊಗಲು ಹೋದರೆ ಕಣ್ಣಿಗೆ ಕಾಣುತ್ತದೆ, ಫೈಬರ್ ದೋಣಿಯ ಎಲುಬು ಹೋದರೆ ಕಾಣುವುದಿಲ್ಲ. ಜನರನ್ನು ಕೂರಿಸಿಕೊಂಡು ಹೋಗುವ ದೋಣಿಯಲ್ಲಿ ಇದು ಜೀವದ ಪ್ರಶ್ನೆ.

ಡೆಕ್ ಎತ್ತುವ ಬಗೆ

ಮೊದಲ ಪರೀಕ್ಷೆ ಕಿವಿಯದು. ಸಂತೆಯಲ್ಲಿ ಮಡಕೆ ಕೊಳ್ಳುವವರಂತೆ ಸಣ್ಣ ಸುತ್ತಿಗೆಯಿಂದಲೋ ನಾಣ್ಯದಿಂದಲೋ ಡೆಕ್ಕನ್ನು ಗೇಣು ಗೇಣಿಗೂ ಬಡಿಯುತ್ತ ಹೋಗಬೇಕು. ಒಳಗೆ ಗಟ್ಟಿಯಿದ್ದರೆ ಚುರುಕಾದ ಸದ್ದು, ಮರ ಕೊಳೆತೋ ಪದರ ಬಿಟ್ಟೋ ಹೋಗಿದ್ದರೆ ಮಂಕು ಸದ್ದು. ಸೀಮೆಸುಣ್ಣದಿಂದ ಮಂಕು ಜಾಗಗಳಿಗೆ ಗೆರೆ ಎಳೆದರೆ ರೋಗದ ನಕ್ಷೆಯೇ ಸಿಗುತ್ತದೆ. ಸಂಶಯವಿದ್ದಲ್ಲಿ ಸಣ್ಣ ತೂತು ಕೊರೆದು ಬೈರಿಗೆಯ ಪುಡಿ ನೋಡುತ್ತಾರೆ. ಬಿಳಿ ಪುಡಿ ಬಂದರೆ ಸರಿ. ಕಪ್ಪಗೆ, ಒದ್ದೆಯಾಗಿ ಬಂದರೆ ಮರ ಹೋಗಿದೆ.

ಡೆಕ್ ಬಿಚ್ಚುವ ಮುನ್ನ ಒಡಲನ್ನು ಭದ್ರಪಡಿಸಬೇಕು. ರಟ್ಟಿನ ಪೆಟ್ಟಿಗೆಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ದೋಣಿಯ ಆಕಾರಕ್ಕೆ ಹೊಂದುವ ತೊಟ್ಟಿಲಿನಂಥ ಆಧಾರ ಕಟ್ಟಿ, ಒಡಲಿನ ಎರಡು ಬದಿಗಳ ನಡುವಿನ ಅಂತರವನ್ನು ಮೂರು ನಾಲ್ಕು ಕಡೆ ಅಳೆದು ಬರೆದುಕೊಂಡು, ಡೆಕ್ ಹೋದ ಮೇಲೂ ಬದಿಗಳು ಅಗಲವಾಗದಂತೆ ಅಡ್ಡಪಟ್ಟಿಗಳನ್ನು ಬಿಗಿಯುತ್ತಾರೆ. ಇದನ್ನು ಮಾಡದೆ ಅವಸರಪಟ್ಟರೆ, ರಿಪೇರಿ ಮುಗಿದ ಮೇಲೆ ಹಳೆಯ ಡೆಕ್ ಹಳೆಯ ಒಡಲಿಗೆ ಕೂರುವುದಿಲ್ಲ.

ಆಮೇಲೆ ಡೆಕ್ ಮೇಲಿನ ಸಾಮಾನು, ತಂತಿ, ಕೊಳವೆ ಎಲ್ಲ ತೆಗೆದು ಗುರುತು ಹಾಕಿಡಬೇಕು. ಸೊಂಟದ ಪಟ್ಟಿ ಕಳಚಿದರೆ ರಿವೆಟ್‌ಗಳು ಕಾಣುತ್ತವೆ. ಅವುಗಳ ತಲೆಯನ್ನು ಕೊರೆದು ಹಾರಿಸಬೇಕು. ಸೀಲಂಟನ್ನು ತೆಳು ಅಲಗಿನಿಂದ ಕೊಯ್ಯುತ್ತ, ಮರದ ಬೆಣೆಗಳನ್ನು ಒಂದಡಿಗೊಂದರಂತೆ ತೂರಿಸುತ್ತ ಸುತ್ತ ಬರಬೇಕು. ಇಷ್ಟಾದರೂ ಡೆಕ್ ಏಳದಿದ್ದರೆ ಅಚ್ಚರಿಯಿಲ್ಲ. ಒಳಗಿನ ಅಡ್ಡಗೋಡೆಗಳಿಗೆ ಡೆಕ್ಕನ್ನು ಫೈಬರ್ ಪಟ್ಟಿಗಳಿಂದ ಅಂಟಿಸಿರುತ್ತಾರೆ. ಕೈ ತೂರಿಸಿ ಅವನ್ನೆಲ್ಲ ಹುಡುಕಿ ಕತ್ತರಿಸಿದ ಮೇಲೆಯೇ ಎತ್ತಬೇಕು. ಏಳಲಿಲ್ಲವೆಂದು ಬಲ ಹಾಕಿದರೆ ಒಡಲೇ ಸೀಳುತ್ತದೆ.

ಕೆಲವು ದೋಣಿಗಳಲ್ಲಿ ಅಂಚಿನ ಬೆಸುಗೆ ಪೂರ್ತಿ ರಾಳದ್ದೇ. ಅಲ್ಲಿ ಬಿಚ್ಚುವ ಮಾತಿಲ್ಲ, ಕೊಯ್ಯುವುದೇ ದಾರಿ. ಅಂಚಿನಿಂದ ಎರಡು ಮೂರು ಅಂಗುಲ ಒಳಗೆ ಗೆರೆ ಎಳೆದು, ಅಲಗನ್ನು ಡೆಕ್ಕಿನ ದಪ್ಪಕ್ಕಷ್ಟೇ ಇಳಿಸಿ ಕೊಯ್ದು, ನಡುವಿನ ಭಾಗವನ್ನು ಎತ್ತುತ್ತಾರೆ. ಉಳಿದ ಅಂಚು ಮತ್ತೆ ಕೂರಿಸುವಾಗ ಮೆಟ್ಟಿಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಎಷ್ಟೋ ಸಲ ಇದೇ ಜಾಣತನ. ಜೋಡಣೆ ಚೆನ್ನಾಗಿದ್ದರೆ ಅದನ್ನು ಕೆಣಕುವುದೇಕೆ?

ಕೊಯ್ಯುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ನವೆ, ಕಣ್ಣಿಗೂ ಶ್ವಾಸಕೋಶಕ್ಕೂ ಕೇಡು. ಮುಖಕವಚ, ಕನ್ನಡಕ, ಪೂರ್ತಿ ತೋಳಿನ ಅಂಗಿ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಹಾಗೆಯೇ ರಾಳ ಬೆರೆಸುವಾಗ ಪೆರಾಕ್ಸೈಡನ್ನೂ ಕೋಬಾಲ್ಟ್ ವೇಗವರ್ಧಕವನ್ನೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು. ಸ್ಫೋಟವಾಗುತ್ತದೆ. ಒಂದನ್ನು ರಾಳಕ್ಕೆ ಪೂರ್ತಿ ಬೆರೆಸಿದ ಮೇಲೆಯೇ ಇನ್ನೊಂದು.

ಕೊಳೆತ ಮರವನ್ನು ಕೆತ್ತಿ ತೆಗೆದು, ಒಳಗನ್ನು ಪೂರ್ತಿ ಒಣಗಿಸಿ, ಹೊಸ ಮರವನ್ನೋ ನೀರು ಹೀರದ ನೊರೆಹಲಗೆಯನ್ನೋ ಕೂರಿಸುವುದು ತಾಳ್ಮೆಯ ಕೆಲಸವೇ ಹೊರತು ಕಷ್ಟದ್ದಲ್ಲ. ಕಷ್ಟವಿರುವುದು ಮತ್ತೆ ಜೋಡಿಸುವಲ್ಲಿ. ಹಳೆಯ ಫೈಬರ್‌ನ ರಾಸಾಯನಿಕ ಕ್ರಿಯೆ ಯಾವಾಗಲೋ ಮುಗಿದಿದೆ. ಹೊಸ ರಾಳ ಅದರೊಡನೆ ಒಂದೇ ಬಲೆಯಾಗುವುದಿಲ್ಲ. ಮೇಲ್ಮೈಗೆ ಅಂಟಿಕೊಳ್ಳುತ್ತದೆ, ಅಷ್ಟೆ. ಆದ್ದರಿಂದ ಅಂಟುವ ಮೇಲ್ಮೈಯನ್ನು ಹೆಚ್ಚಿಸಬೇಕು. ಕೊಯ್ದ ಅಂಚನ್ನು ನೆಟ್ಟಗೆ ಬಿಡದೆ ಇಳಿಜಾರಾಗಿ ಉಜ್ಜುತ್ತಾರೆ. ದಪ್ಪ ಒಂದಾದರೆ ಇಳಿಜಾರಿನ ಉದ್ದ ಹನ್ನೆರಡು ಇರಬೇಕೆಂಬುದು ರೂಢಿಯ ಅಳತೆ: 6 ಮಿಮೀ. ದಪ್ಪಕ್ಕೆ 72 ಮಿಮೀ. ಇಳಿಜಾರು. ಅದರ ಮೇಲೆ ಚಾಪೆಗಳನ್ನು ಪದರ ಪದರವಾಗಿ ಹಾಸಿ ರಾಳ ಕುಡಿಸಿದರೆ ಬಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ದಾಟುತ್ತದೆ.

ಡಾಂಬರು ಒಲ್ಲದ ಹರಿಗೋಲು

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಾದ ಈ ಐದು ತಾಲ್ಲೂಕುಗಳ ಸೀಮೆಗೆ ಹಿಂತಿರುಗೋಣ. ಮಂಚನಬೆಲೆ, ಚನ್ನಪಟ್ಟಣದ ಬಳಿಯ ಕಣ್ವ ಜಲಾಶಯಗಳಂಥ ಒಳನಾಡಿನ ನೀರಿನಲ್ಲಿ ಬಲೆ ಬೀಸುವವನಿಗೆ ಬೇಕಾದದ್ದು ಹಗುರವಾದ, ಒಬ್ಬನೇ ತಲೆಯ ಮೇಲೆ ಹೊರಬಹುದಾದ ಹರಿಗೋಲು. ರಾಜ್ಯದಲ್ಲಿ ಒಳನಾಡು ಮೀನುಗಾರರಿಗೆ ಸರ್ಕಾರದ ನೆರವಿನಿಂದ ಫೈಬರ್ ಹರಿಗೋಲುಗಳು ಸಿಗತೊಡಗಿದ ಮೇಲೆ ಬಿದಿರಿನವು ಹಿಂದೆ ಸರಿಯುತ್ತಿವೆ. ಫೈಬರ್ ಕೊಳೆಯುವುದಿಲ್ಲ, ವರ್ಷ ವರ್ಷ ಹೊದಿಕೆ ಬದಲಿಸುವ ತಾಪತ್ರಯವಿಲ್ಲ. ಇದು ನಿಜವಾದ ಲಾಭ, ಅದನ್ನು ಅಲ್ಲಗಳೆಯುವುದು ತಪ್ಪಾಗುತ್ತದೆ.

ಆದರೆ ಫೈಬರ್ ಹರಿಗೋಲಿನಲ್ಲಿ ಎಲುಬು, ತೊಗಲು ಎರಡೂ ಒಂದೇ. ಬಂಡೆಗೆ ಬಡಿದರೆ ಬಾಗುವ ಮಿತಿ ದಾಟಿ ಬಿರುಕು ಬಿಡುತ್ತದೆ. ಆಗ ಅನುಭವಿ ಕೈ ತಾನೇ ತಾನಾಗಿ ಡಾಂಬರಿನ ಡಬ್ಬಿಯ ಕಡೆ ಹೋಗುತ್ತದೆ. ಶತಮಾನಗಳಿಂದ ಸರಿಯಾಗಿದ್ದ ಆ ಉಪಾಯ ಇಲ್ಲಿ ಹಾನಿ ಮಾಡುತ್ತದೆ. ಡಾಂಬರು ನೀರನ್ನೇನೋ ಸ್ವಲ್ಪ ಕಾಲ ತಡೆಯುತ್ತದೆ, ಬಿರುಕಿಗೆ ಬಲ ಕೊಡುವುದಿಲ್ಲ. ಮುಂದೆ ಯಾರಾದರೂ ರಾಳ ಹಾಕಿ ಸರಿಮಾಡಲು ಹೋದರೆ ಅಲ್ಲಿ ಅಂಟುವುದೂ ಇಲ್ಲ. ರಾಳದಲ್ಲಿನ ಸ್ಟೈರೀನ್ ಡಾಂಬರನ್ನು ಕರಗಿಸಿಕೊಂಡು ಕಲಸುಮೇಲೋಗರವಾಗುತ್ತದೆ. ಡಾಂಬರು ತಾಗಿದ ಜಾಗವನ್ನೆಲ್ಲ ಉಜ್ಜಿ ತೆಗೆಯಬೇಕು. ಅಂಗಡಿಯಲ್ಲಿ ಸಿಗುವ ಎಂ-ಸೀಲ್ ಮೆತ್ತಿದರೆ ತುರ್ತಿಗೆ ಆದೀತು. ಸರಿಯಾದ ದಾರಿಯೆಂದರೆ ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಿ, ಒಣಗಿಸಿ, ಎರಡು ಮೂರು ಪದರ ಗಾಜಿನ ಚಾಪೆ ಹಾಸಿ ರಾಳ ಕುಡಿಸುವುದು. ಸಾಮಗ್ರಿ ದುಬಾರಿಯೇನಲ್ಲ. ಬೆಂಗಳೂರಿನ ಫೈಬರ್ ಕೆಲಸದ ಶೆಡ್ಡುಗಳಲ್ಲಿ ಹುಡುಗರು ದಿನವೂ ಮಾಡುವ ಕೆಲಸವೇ. ಹರಿಗೋಲು ಕೊಡುವಾಗ ಅದರೊಂದಿಗೆ ಅರ್ಧ ಕಿಲೊ ರಾಳ, ಒಂದು ತುಂಡು ಚಾಪೆ, ಒಂದು ದಿನದ ತರಬೇತಿ ಕೊಟ್ಟರೆ ದೋಣಿ ಇನ್ನಷ್ಟು ವರ್ಷ ಬಾಳುತ್ತದೆ. ಐಟಿಐಗಳಿಗೂ ಇದು ತಕ್ಕ ಪಾಠ.

ಕೊನೆಗೊಮ್ಮೆ ರಿಪೇರಿಗೂ ಮೀರಿದ ದಿನ ಬರುತ್ತದೆ. ಹಳೆಯ ಹರಿಗೋಲಿನ ಬಿದಿರು ಒಲೆಗೆ ಹೋಗುತ್ತಿತ್ತು. ಚನ್ನಪಟ್ಟಣದ ಗೊಂಬೆ ಮಾಡುವವರು ಬಳಸುವ ಅರಗೂ ಒಂದು ರಾಳವೇ; ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಬಿಸಿಗೆ ಕರಗಿ ಹಿಡಿಯುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ, ಬಿಸಿಮಾಡಿದರೆ ಮತ್ತೆ ಕರಗುತ್ತದೆ. ಪಾಲಿಯೆಸ್ಟರ್ ರಾಳಕ್ಕೆ ಆ ಹಿಂದಿರುಗುವ ದಾರಿ ಇಲ್ಲ. ಒಡೆದ ಫೈಬರ್ ಚಿಪ್ಪುಗಳನ್ನು ಕೆಲವು ದೇಶಗಳಲ್ಲಿ ಪುಡಿಮಾಡಿ ಸಿಮೆಂಟ್ ಕುಲುಮೆಗೆ ಹಾಕುತ್ತಾರೆ. ರಾಳ ಉರಿದು ಶಾಖವಾಗುತ್ತದೆ, ಗಾಜು ಸಿಮೆಂಟಿನೊಳಗೆ ಸೇರಿಹೋಗುತ್ತದೆ. ಕೆರೆಯ ಏರಿಯ ಮೇಲೆ ಬಿಸಾಡಿದ ಚಿಪ್ಪು ಮಾತ್ರ, ಬಿಸಿಲಿಗೆ ಬಣ್ಣ ಮಾಸಿ ನಾರುಗಳು ಮೇಲೆದ್ದರೂ, ಅಲ್ಲೇ ಬಿದ್ದಿರುತ್ತದೆ.